ಸ್ಪೋರ್ಟ್ಸ್ ಕಾರಿನ ಬಾನೆಟ್ ಬಿಚ್ಚಿ ಕೂರಿಸುವುದು: ಜೊತೆಗೆ ಕಲಿಯುವವರಿಗೆ ಟಿಪ್ಪಣಿ

ಎಂಜಿನ್ ಕೆಲಸವನ್ನು ಸ್ವಂತವಾಗಿ ಮಾಡಲು ಹೊರಟವರಿಗೆ ಬಾನೆಟ್ ಬಿಚ್ಚುವುದು ಸಣ್ಣ ಕೆಲಸ ಅನ್ನಿಸುತ್ತದೆ. ನಾಲ್ಕು ಬೋಲ್ಟ್, ಒಂದು ನೀರಿನ ಪೈಪು, ಒಂದೆರಡು ವೈರು, ಅಷ್ಟೇ ಅಲ್ವಾ? ಬಿಚ್ಚುವುದಕ್ಕೆ ನಿಜವಾಗಿಯೂ ಹೆಚ್ಚು ಹೊತ್ತು ಬೇಡ. ಆದರೆ ಅದೇ ಬಾನೆಟ್ಟನ್ನು ವಾಪಸ್ ಕೂರಿಸಿ, ಎರಡೂ ಕಡೆ ಗ್ಯಾಪ್ ಸಮ ಮಾಡಿ, ಲಾಕ್ ಸರಿಯಾಗಿ ಬೀಳುವ ಹಾಗೆ ಮಾಡಲು ಅರ್ಧ ದಿನವೇ ಹೋಗಬಹುದು. ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳುವುದು ಇದನ್ನೇ: ಬಿಚ್ಚುವಾಗ ಮಾಡುವ ಪ್ರತಿಯೊಂದು ಕೆಲಸವೂ ವಾಪಸ್ ಕೂರಿಸುವ ಕೆಲಸದ ತಯಾರಿ. ಗುರುತು ಹಾಕುವುದು, ಅಳೆಯುವುದು, ಬೋಲ್ಟ್ ಎತ್ತಿಡುವುದು ಎಲ್ಲವೂ ಅದಕ್ಕಾಗಿಯೇ.

ನಿಜಕ್ಕೂ ಬಿಚ್ಚಬೇಕಾ?

ಆಯಿಲ್ ಬದಲಿಸಲು, ಏರ್ ಫಿಲ್ಟರ್ ಹಾಕಲು, ಸ್ಪಾರ್ಕ್ ಪ್ಲಗ್ ತೆಗೆಯಲು ಬಾನೆಟ್ ಬಿಚ್ಚಬೇಕಾಗಿಲ್ಲ. ಎಂಜಿನ್ ಪೂರ್ತಿ ಹೊರಗೆ ತೆಗೆಯುವುದಾದರೆ ಬಿಚ್ಚಲೇಬೇಕು. ಕ್ರೇನಿನ ತೋಳಿಗೆ, ಚೈನಿಗೆ ಮೇಲೆ ಜಾಗ ಬೇಕು. ಸಿಲಿಂಡರ್ ಹೆಡ್, ಇನ್‌ಟೇಕ್ ಮ್ಯಾನಿಫೋಲ್ಡ್, ಟರ್ಬೊ ಇಂಥ ಕೆಲಸಗಳು ಎರಡರ ನಡುವೆ ಬರುತ್ತವೆ. ಸ್ಪೋರ್ಟ್ಸ್ ಕಾರಿನ ಮೂತಿ ತಗ್ಗು, ಬಾನೆಟ್ ಉದ್ದ, ಅದು ತೆರೆದುಕೊಳ್ಳುವ ಕೋನ ಕಮ್ಮಿ. ತಲೆ ತಗ್ಗಿಸಿಕೊಂಡು ಗಂಟೆಗಟ್ಟಲೆ ಬಗ್ಗಿ ನಿಲ್ಲಬೇಕು, ಮೇಲಿನ ಬೆಳಕೂ ಒಳಗೆ ಬೀಳುವುದಿಲ್ಲ. ಕೆಲಸ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ ಅನ್ನಿಸಿದರೆ ಬಿಚ್ಚುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಸರ್ವಿಸ್ ಮ್ಯಾನುಯಲ್ ಒಮ್ಮೆ ನೋಡಿ. ಕೆಲವು ಮರ್ಸಿಡಿಸ್ ಮಾದರಿಗಳಲ್ಲಿ ಬಾನೆಟ್ಟನ್ನು ನೆಟ್ಟಗೆ ನಿಲ್ಲಿಸುವ ಸರ್ವಿಸ್ ಪೊಸಿಷನ್ ಕಾರಿನಲ್ಲೇ ಇರುತ್ತದೆ. ಇಂಥ ಅನುಕೂಲ ನಿಮ್ಮ ಕಾರಿನಲ್ಲಿದ್ದರೆ ಬಿಚ್ಚುವ ಪ್ರಮೇಯವೇ ಬರದಿರಬಹುದು.

ಬಾನೆಟ್ಟಿನ ಜಾತಿ ಗುರುತಿಸಿಕೊಳ್ಳಿ

ಹೆಚ್ಚಿನ ಕಾರುಗಳಲ್ಲಿ ಹಿಂಜ್ (ಬಾನೆಟ್ ತಿರುಗಿ ತೆರೆದುಕೊಳ್ಳುವ ಕೀಲು) ಹಿಂದೆ, ಅಂದರೆ ವಿಂಡ್‌ಸ್ಕ್ರೀನ್ ಕಡೆ ಇರುತ್ತದೆ. ಮಾಜ್ದಾ ಎಂಎಕ್ಸ್-5 ಹೀಗೆಯೇ. 1989ರ ಮೊದಲ ತಲೆಮಾರಿನಿಂದಲೇ ಅದರ ಬಾನೆಟ್ ಅಲ್ಯೂಮಿನಿಯಂ, ಹಾಗಾಗಿ ಹಗುರ. ಕಲಿಯುವವರಿಗೆ ಇದಕ್ಕಿಂತ ಸಲೀಸಾದ ಬಾನೆಟ್ ಸಿಗುವುದು ಕಷ್ಟ.

1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಬೇರೆಯೇ ಲೋಕ. ಅಲ್ಲಿ ಮೂತಿ, ಎರಡೂ ಪಕ್ಕದ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಹೆಡ್‌ಲೈಟ್ ಎಲ್ಲ ಸೇರಿ ಒಂದೇ ದೊಡ್ಡ ತುಂಡು. ಹಿಂಜ್ ಮುಂದೆ ಇದೆ, ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. 1962ರ ಟ್ರಯಂಫ್ ಸ್ಪಿಟ್‌ಫೈರ್ ಕೂಡ ಇದೇ ತರ. 1984ರ ಮಾದರಿಯಿಂದ ಶುರುವಾದ ಸಿ4, ಅಂದರೆ ನಾಲ್ಕನೇ ತಲೆಮಾರಿನ ಕಾರ್ವೆಟ್ಟಿನಲ್ಲೂ ಬಾನೆಟ್ ಚಿಪ್ಪಿನ ಹಾಗೆ ಮುಂದಕ್ಕೆ ತೆರೆಯುತ್ತದೆ. ಇಂಥ ಕಾರುಗಳಲ್ಲಿ ಮೂತಿ ಎತ್ತಿದರೆ ಎಂಜಿನ್ ಮೂರು ಕಡೆಯಿಂದಲೂ ಕೈಗೆ ಸಿಗುತ್ತದೆ. ಸಾಮಾನ್ಯ ಕೆಲಸಕ್ಕೆ ಬಿಚ್ಚುವುದು ಬೇಡ. ಬಿಚ್ಚಲೇಬೇಕಾದಾಗ ಹೆಡ್‌ಲೈಟಿನ ವೈರಿಂಗ್ ಪ್ಲಗ್ ಮರೆಯಬೇಡಿ, ಎತ್ತುವುದಕ್ಕೆ ಇಬ್ಬರಿಗಿಂತ ಹೆಚ್ಚು ಜನರನ್ನು ಕರೆಯಿರಿ. ಇ-ಟೈಪಿನ ಮೂತಿಗೆ ತೂಕ ಸರಿದೂಗಿಸುವ ಸ್ಪ್ರಿಂಗ್‌ಗಳೂ ಇವೆ. ಅವುಗಳಲ್ಲಿ ಬಿಗಿ ಇರುವಾಗ ಹಿಂಜ್ ಬೋಲ್ಟಿಗೆ ಕೈ ಹಾಕಬಾರದು.

ಪೋರ್ಶೆ 911, ಟೊಯೊಟಾ ಎಂಆರ್2 ಇಟ್ಟುಕೊಂಡವರಿಗೆ ಎಂಜಿನ್ ಹಿಂದಿದೆ. ಅವರು ಈ ಟಿಪ್ಪಣಿಯನ್ನು ಹಿಂದಿನ ಎಂಜಿನ್ ಮುಚ್ಚಳಕ್ಕೆ ಹೊಂದಿಸಿ ಓದಿಕೊಳ್ಳಬೇಕು. ಗುರುತು, ಅಳತೆ, ಗ್ಯಾಪಿನ ವಿಷಯ ಅಲ್ಲೂ ಅದೇ.

ಒಂದು ಎಚ್ಚರಿಕೆ. ಹೊಸ ಕಾರುಗಳಲ್ಲಿ ಕೆಲವಕ್ಕೆ, ಪಾದಚಾರಿ ಡಿಕ್ಕಿಯಾದಾಗ ಬಾನೆಟ್ಟಿನ ಹಿಂಭಾಗವನ್ನು ಮೇಲಕ್ಕೆ ಚಿಮ್ಮಿಸುವ ವ್ಯವಸ್ಥೆ ಇರುತ್ತದೆ. 2006ರ ಜಾಗ್ವಾರ್ ಎಕ್ಸ್‌ಕೆಯಲ್ಲಿ ಇದಿತ್ತು. ಏರ್‌ಬ್ಯಾಗಿನಲ್ಲಿ ಇರುವಂತೆ ಇದರಲ್ಲೂ ಸಣ್ಣ ಸ್ಫೋಟಕ ಇರುತ್ತದೆ. ಹಿಂಜ್ ಹತ್ತಿರ ಹಳದಿ ಕನೆಕ್ಟರ್ ಅಥವಾ ಎಚ್ಚರಿಕೆಯ ಸ್ಟಿಕ್ಕರ್ ಕಂಡರೆ ಅಲ್ಲಿಗೆ ನಿಲ್ಲಿಸಿ. ಬ್ಯಾಟರಿ ಬಿಚ್ಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು, ಅದರಲ್ಲಿರುವ ಕ್ರಮದಲ್ಲೇ ಮುಂದುವರಿಯಬೇಕು. ಇಲ್ಲಿ ಅಂದಾಜು ನಡೆಯುವುದಿಲ್ಲ.

ಬೋಲ್ಟಿಗೆ ಕೈ ಹಾಕುವ ಮೊದಲು ಅಳತೆ

ಇದು ಬಹಳ ಜನ ಬಿಟ್ಟುಬಿಡುವ ಹಂತ. ಬಾನೆಟ್ ಮುಚ್ಚಿರುವಾಗಲೇ ಅದರ ಅಂಚಿಗೂ ಫೆಂಡರಿಗೂ ನಡುವಿನ ಗ್ಯಾಪ್ ಅಳೆದುಕೊಳ್ಳಿ. ವಿಶೇಷ ಉಪಕರಣ ಬೇಡ. ಹಳೆಯ ಬ್ಯಾಂಕ್ ಕಾರ್ಡುಗಳು ಸಾಕು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಉಬ್ಬು ಅಕ್ಷರ ಇಲ್ಲದ ಐದು ಕಾರ್ಡ್ ಜೋಡಿಸಿದರೆ ಸುಮಾರು 3.8 ಮಿ.ಮೀ. ಆಗುತ್ತದೆ. ಗ್ಯಾಪಿನಲ್ಲಿ ಎಷ್ಟು ಕಾರ್ಡ್ ಸ್ವಲ್ಪವೇ ಬಿಗಿಯಾಗಿ ಜಾರುತ್ತವೆ ನೋಡಿ. ಪ್ಲಾಸ್ಟಿಕ್ ಆದ್ದರಿಂದ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಪ್ರತಿ ಪಕ್ಕದಲ್ಲೂ ಮೂರು ಕಡೆ ಅಳೆಯಿರಿ: ವಿಂಡ್‌ಸ್ಕ್ರೀನ್ ಹತ್ತಿರ, ನಡುವೆ, ಹೆಡ್‌ಲೈಟ್ ಹತ್ತಿರ. ಆ ಸಂಖ್ಯೆಯನ್ನು ಅಲ್ಲೇ ಫೆಂಡರಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಬರೆಯಿರಿ. ಎತ್ತರವನ್ನೂ ಬೆರಳಿನಿಂದ ಸವರಿ ನೋಡಿ. ಫೆಂಡರಿಗಿಂತ ಬಾನೆಟ್ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಹಳೆಯ ಕಾರಿನಲ್ಲಿ ಎಡ ಬಲ ಮೊದಲೇ ಸಮ ಇಲ್ಲದಿರಬಹುದು. ಅದು ಈಗಲೇ ಗೊತ್ತಾದರೆ, ಆಮೇಲೆ ಇಲ್ಲದ ಸಮವನ್ನು ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಈಗ ಬಾನೆಟ್ ಎತ್ತಿ ಹಿಂಜ್ ನೋಡಿ. ಬೋಲ್ಟಿನ ತೂತುಗಳು ದುಂಡಗಿರುವುದಿಲ್ಲ, ಉದ್ದುದ್ದವಾಗಿರುತ್ತವೆ ಅಥವಾ ಬೋಲ್ಟಿಗಿಂತ ದೊಡ್ಡದಾಗಿರುತ್ತವೆ. ಕೂರಿಸುವಾಗ ಅತ್ತಿತ್ತ ಸರಿಸಲಿ ಅಂತಲೇ ಹಾಗೆ ಮಾಡಿರುತ್ತಾರೆ. ಬೋಲ್ಟ್ ಸಡಿಲವಾದ ಕ್ಷಣದಿಂದ ಹಳೆಯ ಜಾಗ ಕಳೆದುಹೋಯಿತು ಅಂತಲೇ ಲೆಕ್ಕ. ಅದಕ್ಕೆ ಹಿಂಜಿನ ಸುತ್ತಲೂ, ಅದು ಬಾನೆಟ್ಟಿಗೆ ತಾಗುವ ಅಂಚಿನಲ್ಲಿ, ಸಣ್ಣ ಮೊನೆಯ ಪೇಂಟ್ ಪೆನ್ನಿನಿಂದ ಗೆರೆ ಎಳೆಯಿರಿ. ಮೊದಲು ಜಾಗ ಒರೆಸಿ, ಇಲ್ಲದಿದ್ದರೆ ಜಿಡ್ಡಿನ ಮೇಲೆ ಗೆರೆ ನಿಲ್ಲುವುದಿಲ್ಲ. ದಪ್ಪ ಮಾರ್ಕರ್ ಬೇಡ. ಗೆರೆ 2 ಮಿ.ಮೀ. ದಪ್ಪ ಇದ್ದರೆ ಅಷ್ಟೇ ತಪ್ಪಿಗೆ ದಾರಿ ಮಾಡಿದ ಹಾಗೆ. ಬೋಲ್ಟಿನ ತಲೆಯ ಸುತ್ತಲೂ ಒಂದು ಗೆರೆ ಇರಲಿ. ಕೊನೆಗೆ ಫೋಟೋ ತೆಗೆಯಿರಿ, ಎಡ ಬಲ ಎರಡೂ.

ಹಳೆಯ ಕಾರು ಪುನಶ್ಚೇತನ ಮಾಡುವವರು ಇನ್ನೊಂದು ಉಪಾಯ ಮಾಡುತ್ತಾರೆ. ಹಿಂಜ್ ಮತ್ತು ಬಾನೆಟ್ಟಿನ ಒಳಚೌಕಟ್ಟು ಎರಡೂ ಸೇರುವಂತೆ 3 ಮಿ.ಮೀ. ತೂತು ಕೊರೆಯುತ್ತಾರೆ. ಕೂರಿಸುವಾಗ ಅದೇ ಡ್ರಿಲ್ ಬಿಟ್ಟನ್ನು ತೂರಿಸಿದರೆ ಎಲ್ಲ ಮೊದಲಿನ ಜಾಗಕ್ಕೇ ಬರುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಒಳಗಿನಿಂದ ಕೊರೆಯುವಾಗ ಬಿಟ್ ಹೊರಗಿನ ತಗಡನ್ನು ತಾಗಿದರೆ ಕೆಲಸ ಕೆಟ್ಟಿತು. ತೂತಿಗೆ ಬಣ್ಣ ಬಳಿಯದಿದ್ದರೆ ತುಕ್ಕೂ ಹಿಡಿಯುತ್ತದೆ. ಪದೇಪದೇ ಬಿಚ್ಚುವ ಕಾರಿಗಾದರೆ ಸರಿ, ಉಳಿದವರಿಗೆ ಗೆರೆಯೇ ಸಾಕು.

ಪೈಪು, ವೈರು, ಗ್ಯಾಸ್ ಸ್ಟ್ರಟ್

ಬಾನೆಟ್ಟಿಗೂ ಕಾರಿಗೂ ನಡುವೆ ಏನೇನು ಸಂಪರ್ಕ ಇದೆ ಎಂದು ಟಾರ್ಚ್ ಹಿಡಿದು ಒಂದು ಸುತ್ತು ನೋಡಿ. ಗಾಜು ತೊಳೆಯುವ ವಾಷರ್ ನೀರಿನ ಪೈಪು ಇದ್ದೇ ಇರುತ್ತದೆ ಅನ್ನಬಹುದು. ಕೆಲವು ಕಾರಿನಲ್ಲಿ ವಾಷರ್ ನಾಜಲ್ ಬಿಸಿ ಮಾಡುವ ವೈರು, ಬಾನೆಟ್ ಲೈಟು, ಅರ್ತ್ ಪಟ್ಟಿ ಕೂಡ ಇರುತ್ತವೆ. ಹಳೆಯ ನೀರಿನ ಪೈಪು ಗಟ್ಟಿಯಾಗಿರುತ್ತದೆ. ಸುಮ್ನೆ ಎಳೆದರೆ ಪ್ಲಾಸ್ಟಿಕ್ ಟೀ ಜಾಯಿಂಟ್ ಮುರಿಯುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟು, ತಿರುಗಿಸುತ್ತಾ ಎಳೆಯಿರಿ.

ಗ್ಯಾಸ್ ಸ್ಟ್ರಟ್ (ಬಾನೆಟ್ಟನ್ನು ಎತ್ತಿ ಹಿಡಿಯುವ, ಗ್ಯಾಸ್ ತುಂಬಿದ ಕಡ್ಡಿ) ಇದ್ದರೆ, ಬಾನೆಟ್ಟಿಗೆ ಬೇರೆ ಆಸರೆ ಕೊಟ್ಟ ಮೇಲೆಯೇ ಅದಕ್ಕೆ ಕೈ ಹಾಕಿ. ಒಂದು ಸ್ಟ್ರಟ್ ತೆಗೆದರೆ ಇನ್ನೊಂದು ಪೂರ್ತಿ ಭಾರ ತಡೆಯುತ್ತದೆ ಅಂತ ನಂಬಬೇಡಿ. ತುದಿಯಲ್ಲಿರುವ ಸ್ಪ್ರಿಂಗ್ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸ್ವಲ್ಪವೇ ಮೀಟಿ, ಸ್ಟ್ರಟ್ ಕೂತಿರುವ ಲೋಹದ ಗುಂಡಿನಿಂದ ಹೊರಗೆಳೆಯಿರಿ. ಕ್ಲಿಪ್ ಪೂರ್ತಿ ಕಿತ್ತರೆ ಎಲ್ಲೋ ಹಾರಿಹೋಗುತ್ತದೆ. ಒಳಗೆ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುವುದರಿಂದ ಸ್ಟ್ರಟ್ಟನ್ನು ಕೊರೆಯುವುದು, ಬಿಸಿ ಮಾಡುವುದು ಅಪಾಯ. ಕಡ್ಡಿಯ ಮೇಲೆ ಗೀರು ಬಿದ್ದರೆ ಸೀಲ್ ಹಾಳಾಗುತ್ತದೆ, ಬಟ್ಟೆ ಸುತ್ತಿ ಇಡಿ. ವಾಪಸ್ ಹಾಕುವಾಗ ಮೊದಲು ಯಾವ ತುದಿ ಮೇಲಿತ್ತೋ ಅದೇ ಮೇಲಿರಲಿ.

ಎತ್ತುವುದು

ಗಾಳಿ ಬೀಸುವಾಗ ಬಯಲಲ್ಲಿ ಈ ಕೆಲಸ ಬೇಡ. ಅಗಲವಾದ ತಗಡು ಕೈಯಲ್ಲಿರುವಾಗ ಗಾಳಿ ಹೊಡೆದರೆ ಇಬ್ಬರಿಗೂ ಹಿಡಿತ ಸಿಗುವುದಿಲ್ಲ. ಹಗುರ ಇದೆ ಅಂತ ಒಬ್ಬರೇ ಹೊರಡುವುದೂ ಬೇಡ. ತೊಂದರೆ ಕೊಡುವುದು ತೂಕವಲ್ಲ, ಅಗಲ. ಒಂದು ಮೂಲೆ ನಿಮ್ಮ ಕೈಯಲ್ಲಿರುವಾಗ ಎದುರಿನ ಮೂಲೆ ವಿಂಡ್‌ಸ್ಕ್ರೀನಿಗೆ ಬಡಿಯುತ್ತದೆ.

ಫೆಂಡರುಗಳ ಮೇಲೆ, ವಿಂಡ್‌ಸ್ಕ್ರೀನಿನ ಬುಡದಲ್ಲಿ, ವೈಪರುಗಳ ಮೇಲೆ ದಪ್ಪ ಕಂಬಳಿ ಮಡಚಿ ಹಾಸಿ. ಬಾನೆಟ್ಟಿನ ಹಿಂದಿನ ಎರಡು ಮೂಲೆಗಳಿಗೂ ಬಟ್ಟೆ ಸುತ್ತಿ ಟೇಪ್ ಹಾಕಿ. ಪೆಟ್ಟು ಬೀಳುವುದು ಹೆಚ್ಚಾಗಿ ಆ ಮೂಲೆಗಳಿಗೇ, ಅವುಗಳಿಂದಲೇ. ಗಡಿಯಾರ, ಉಂಗುರ, ಬೆಲ್ಟಿನ ಬಕಲ್ ತೆಗೆದಿಡಿ.

ಜಪಾನಿನ ಕಾರುಗಳಲ್ಲಿ ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 12 ನಂಬರ್ ಸ್ಪಾನರ್, ಯೂರೋಪಿನವುಗಳಲ್ಲಿ 13 ನಂಬರ್. ಎಂ6 ಆದರೆ 10. ಮೊದಲು ಎಲ್ಲ ಬೋಲ್ಟುಗಳನ್ನೂ ಕಾಲು ಸುತ್ತಷ್ಟೇ ಸಡಿಲಿಸಿ. ಆಮೇಲೆ ಇಬ್ಬರೂ ಒಂದೊಂದು ಪಕ್ಕಕ್ಕೆ ಬಂದು, ಹಿಂದಿನ ಮೂಲೆಯನ್ನು ಭುಜದ ಮೇಲೆ ತೆಗೆದುಕೊಳ್ಳಿ. ಒಂದು ಕೈ ಕೆಳಗಿನ ಅಂಚಿಗೆ ಅಡ್ಡ ಇರಲಿ, ಬಾನೆಟ್ ವಿಂಡ್‌ಸ್ಕ್ರೀನ್ ಕಡೆ ಜಾರದ ಹಾಗೆ. ಇನ್ನೊಂದು ಕೈಯಲ್ಲಿ ಕೆಳಗಿನ ಬೋಲ್ಟ್ ಮೊದಲು, ಮೇಲಿನದು ಕೊನೆಗೆ. ಕೊನೆಯ ಬೋಲ್ಟನ್ನು ಇಬ್ಬರೂ ಬಾಯಲ್ಲಿ ಹೇಳಿಕೊಂಡೇ ತೆಗೆಯಿರಿ. ಮೂರನೆಯವರು ಸಿಕ್ಕರೆ ಬಾನೆಟ್ ರಾಡ್ ಇಳಿಸುವ ಕೆಲಸ ಅವರದು. ನೇರ ಮೇಲಕ್ಕೆ ಎತ್ತಿ, ಮುಂದಕ್ಕೆ ನಡೆದು, ಮೊದಲೇ ಗೊತ್ತು ಮಾಡಿದ ಜಾಗಕ್ಕೆ ಒಯ್ಯಿರಿ. ಕೈಯಲ್ಲಿ ಬಾನೆಟ್ ಹಿಡಿದುಕೊಂಡು ಎಲ್ಲಿ ಇಡೋಣ ಅಂತ ಯೋಚಿಸುವ ಸ್ಥಿತಿ ಬರಬಾರದು.

ಹಿಂಜ್ ಕೆಳಗೆ ತೆಳು ವಾಷರ್, ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಇದ್ದರೆ ಎಡದವು ಎಡಕ್ಕೆ, ಬಲದವು ಬಲಕ್ಕೆ ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಎಡ ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತಾಗಿನ ಎಡ ಬಲ.

ಇಡುವ ಜಾಗ

ಹೊರಮೈ ಕೆಳಗಾಗಿ ನೆಲದ ಮೇಲೆ ಮಲಗಿಸಬೇಡಿ. ಅಲ್ಯೂಮಿನಿಯಂ ತಗಡು ತನ್ನ ಭಾರಕ್ಕೇ ಸೊಟ್ಟಗಾಗಬಹುದು, ಅದರ ಮೇಲೆ ಯಾರಾದರೂ ಏನಾದರೂ ಇಟ್ಟೇ ಇಡುತ್ತಾರೆ. ದಪ್ಪ ಫೋಮ್ ಅಥವಾ ರಟ್ಟಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಗೋಡೆಗೆ ಒರಗಿಸಿ, ಹಗ್ಗದಿಂದ ಕಟ್ಟಿ. ಹಗ್ಗ ಕಟ್ಟಲೇಬೇಕು.

ವಾಪಸ್ ಕೂರಿಸುವುದು

ಇಲ್ಲಿ ಆತುರ ಬೇಡ. ಬೋಲ್ಟುಗಳನ್ನು ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಬಾನೆಟ್ಟಿನಲ್ಲಿ ಬೋಲ್ಟ್ ಓರೆಯಾಗಿ ಹತ್ತಿ ಥ್ರೆಡ್ ಹಾಳಾದರೆ ಸರಿಪಡಿಸುವುದು ದೊಡ್ಡ ರಗಳೆ. ತುಕ್ಕು ಹಿಡಿಯಲ್ಲ ಅಂತ ಸ್ಟೀಲ್ ಬೋಲ್ಟ್ ತೆಗೆದು ಸ್ಟೇನ್‌ಲೆಸ್ ಹಾಕುವವರಿದ್ದಾರೆ. ಅಲ್ಯೂಮಿನಿಯಂ ಜೊತೆ ಅದು ಬೇಡ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಕಂಪನಿ ಕೊಟ್ಟ ಲೇಪನದ ಬೋಲ್ಟನ್ನೇ ಹಾಕಿ. ಕಾರ್ಬನ್ ಫೈಬರ್ ಬಾನೆಟ್ಟಿಗಾದರೆ ಅಗಲ ವಾಷರ್ ಇರಲಿ, ಬಿಗಿಯೂ ಹದವಾಗಿರಲಿ.

ಹಿಂಜನ್ನು ಗೆರೆಗೆ ಹೊಂದಿಸಿ, ಬೋಲ್ಟನ್ನು ಅರೆಬಿಗಿ ಮಾಡಿ. ಈಗ ಲಾಕ್ ಬೀಳದ ಹಾಗೆ ನಿಧಾನವಾಗಿ ಇಳಿಸಬೇಕು. ಲಾಕಿನ ಬಾಯಿಗೆ ಬಟ್ಟೆ ತುರುಕಿದರೆ ಅಕಸ್ಮಾತ್ ಬೀಳುವುದಿಲ್ಲ. ಒಬ್ಬರು ಇಳಿಸಲಿ, ಇನ್ನೊಬ್ಬರು ಹಿಂದಿನ ಮೂಲೆ ನೋಡಲಿ. ಫೆಂಡರಿಗೆ ತಾಗುವಂತಿದ್ದರೆ ಅಲ್ಲೇ ನಿಲ್ಲಿಸಿ. ಕಾರ್ಡ್ ತೆಗೆದುಕೊಂಡು, ಟೇಪಿನ ಮೇಲೆ ಬರೆದ ಸಂಖ್ಯೆಗೆ ಹೋಲಿಸಿ.

ಸರಿಪಡಿಸುವ ಕ್ರಮ ತಿಳಿದಿದ್ದರೆ ಒದ್ದಾಟ ಕಮ್ಮಿ. ಹಿಂದೆ ಮುಂದೆ, ಎಡ ಬಲ ಸರಿಸುವುದು ಹೆಚ್ಚಿನ ಕಾರುಗಳಲ್ಲಿ ಹಿಂಜಿಗೂ ಬಾನೆಟ್ಟಿಗೂ ನಡುವಿನ ಬೋಲ್ಟಿನಿಂದ. ಹಿಂಭಾಗದ ಎತ್ತರ ಹಿಂಜಿಗೂ ಬಾಡಿಗೂ ನಡುವಿನ ಬೋಲ್ಟ್ ಅಥವಾ ಶಿಮ್‌ನಿಂದ. ಮುಂಭಾಗದ ಎತ್ತರ ರಬ್ಬರ್ ಸ್ಟಾಪರುಗಳಿಂದ, ಅವು ಸ್ಕ್ರೂ ತರ ತಿರುಗುತ್ತವೆ. ಲಾಕಿಗೆ ಎಲ್ಲಕ್ಕಿಂತ ಕೊನೆಗೆ ಕೈ ಹಾಕಿ. ಬಾನೆಟ್ ಒಂದು ಕಡೆಗೆ ವಾಲಿದೆ ಅಂತ ಲಾಕನ್ನು ಸರಿಸಿ ಎಳೆದು ಕೂರಿಸುವುದು ತಪ್ಪು. ಪ್ರತಿ ಸಲ ಮುಚ್ಚುವಾಗಲೂ ಬಾನೆಟ್ ತಿರುಚಿಕೊಳ್ಳುತ್ತದೆ. ಹಿಂಜಿನಲ್ಲೇ ಸರಿಯಾಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಳಿಸಿ, ಅಳೆಯಿರಿ. ಒಂದು ಕಡೆಯ ಹಿಂಜನ್ನು ಒಂದು ಮಿ.ಮೀ. ಹಿಂದಕ್ಕೆ ಸರಿಸಿದರೆ ಮುಂದಿನ ತುದಿಯಲ್ಲಿ ಎಡ ಬಲದ ಗ್ಯಾಪ್ ಕೂಡ ಬದಲಾಗುತ್ತದೆ. ಎರಡು ಕಡೆ ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಗ್ಯಾಪ್ ಸರಿ ಬಂದ ಮೇಲೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಎಂದು ಅಳೆಯುವ ಸ್ಪಾನರ್) ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ. ಎಂ8 ಹಿಂಜ್ ಬೋಲ್ಟಿಗೆ ಅದು ಸಾಮಾನ್ಯವಾಗಿ 20 ನ್ಯೂಟನ್ ಮೀಟರಿನ ಆಸುಪಾಸು ಇರುತ್ತದೆ. ಅಂದರೆ ಹೆಚ್ಚು ಬಲ ಬೇಕಿಲ್ಲ. ಬಿಗಿ ಮಾಡುವಾಗ ಹಿಂಜ್ ಸ್ವಲ್ಪ ಸರಿಯುವುದುಂಟು, ಆದ್ದರಿಂದ ಮತ್ತೆ ಅಳೆಯಿರಿ.

ಬಾನೆಟ್ ಪೂರ್ತಿ ಮುಚ್ಚುವ ಮೊದಲು ಲಾಕ್ ಪರೀಕ್ಷೆ. ತುರುಕಿದ ಬಟ್ಟೆ ತೆಗೆಯಿರಿ. ಬಾನೆಟ್ ತೆರೆದಿರುವಾಗಲೇ, ಉದ್ದ ಸ್ಕ್ರೂಡ್ರೈವರಿನಿಂದ ಲಾಕಿನ ಕೊಂಡಿಯನ್ನು ಒತ್ತಿ ಮುಚ್ಚಿ. ಒಳಗಿನ ಲಿವರ್ ಎಳೆಯಿರಿ. ಕೊಂಡಿ ಟಪ್ ಎಂದು ಬಿಚ್ಚಿಕೊಳ್ಳಬೇಕು. ಎಂಜಿನ್ ಕೆಲಸದ ನಡುವೆ ಕೇಬಲ್ ಜಾಗ ತಪ್ಪಿದ್ದರೆ ಅದು ಇಲ್ಲಿ ಗೊತ್ತಾಗುತ್ತದೆ. ಮುಚ್ಚಿದ ಮೇಲೆ ಗೊತ್ತಾದರೆ ಗ್ರಿಲ್ ಬಿಚ್ಚಬೇಕಾದೀತು. ಎಂಜಿನ್ ಮೇಲೆ ಸ್ಪಾನರ್, ಬಟ್ಟೆ ಉಳಿದಿಲ್ಲವಲ್ಲ ಅಂತಲೂ ನೋಡಿ. ತಗ್ಗು ಬಾನೆಟ್ಟಿನ ಕಾರಿನಲ್ಲಿ ಮರೆತ ಒಂದು ಸಾಕೆಟ್ ಒಳಗಿನಿಂದ ತಗಡನ್ನು ಉಬ್ಬಿಸಿಬಿಡುತ್ತದೆ.

ಈಗ ಮುಚ್ಚಿ, ಲಿವರ್ ಎಳೆದು, ಎರಡನೇ ಕೊಂಡಿ ಬಾನೆಟ್ಟನ್ನು ಹಿಡಿದುಕೊಳ್ಳುತ್ತದೆಯೇ ಎಂದು ಮುಂದಿನಿಂದ ಎತ್ತಿ ನೋಡಿ. ಓಡುವಾಗ ಮೊದಲ ಲಾಕ್ ಬಿಟ್ಟುಕೊಂಡರೆ ಬಾನೆಟ್ ವಿಂಡ್‌ಸ್ಕ್ರೀನಿಗೆ ಹೊಡೆಯದಂತೆ ತಡೆಯುವುದು ಅದೊಂದೇ. ಹಿಡಿಯದಿದ್ದರೆ ಕಾರು ತೆಗೆಯಬೇಡಿ. ಎಲ್ಲ ಸರಿ ಇದ್ದರೆ ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬಂದು, ಹಿಂಜ್ ಬೋಲ್ಟುಗಳ ಬಿಗಿಯನ್ನೂ ಫೆಂಡರಿನ ಟೇಪಿನ ಮೇಲಿರುವ ಸಂಖ್ಯೆಗಳನ್ನೂ ಇನ್ನೊಮ್ಮೆ ನೋಡಿ, ಆಮೇಲೆ ಟೇಪ್ ಕೀಳಿ.