ಏಳು ಸೀಟಿನ ಗಾಡಿಗೆ ಎಷ್ಟು ವ್ಯಾಟ್‌ನ ಸ್ಪೀಕರ್ ಬೇಕು?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ, ಏಳು ಸೀಟಿನ ಗಾಡಿ. ಮುಂದಿನ ಬಾಗಿಲಿನ ಸ್ಪೀಕರ್ ಕರಕರ ಎನ್ನುತ್ತಿದೆ. ಗಾಡಿಯ ಜೊತೆಗೆ ಬಂದ ಸ್ಟೀರಿಯೋವನ್ನು ಬದಲಿಸುವ ಯೋಚನೆಯಿಲ್ಲ. 300 ವ್ಯಾಟ್‌ನ ಸ್ಪೀಕರ್ ಹಾಕಿಸಬೇಕೋ, 500 ವ್ಯಾಟ್‌ನದೋ? (ಡೊಂಬಿವಲಿಯ ಓದುಗರು)

ಉತ್ತರ: ಗಣೇಶ ಚತುರ್ಥಿಗೆ ಊರಿಗೆ ಹೊರಡುವ ಮುಂಚಿನ ತಿಂಗಳಲ್ಲಿ ಚೆಂಬೂರಿನಿಂದ, ಠಾಣೆಯಿಂದ, ಪುಣೆಯ ಕೋಥ್ರೂಡಿನಿಂದ ಇದೇ ಪ್ರಶ್ನೆ ಬರುತ್ತದೆ, ಬದಲಾಗುವುದು ವ್ಯಾಟ್‌ನ ಅಂಕಿ ಮಾತ್ರ. ಉತ್ತರ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ: 300ನ್ನೂ 500ನ್ನೂ ಮರೆತುಬಿಡಿ.

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸ್ಪೀಕರ್ ಹೊರಡಿಸುವ ಶಕ್ತಿಯಲ್ಲ, ಅದು ತಾಳಿಕೊಳ್ಳಬಲ್ಲ ಶಕ್ತಿ. ದೊಡ್ಡ ಹಂಡೆಯನ್ನು ತಂದಿಟ್ಟ ಮಾತ್ರಕ್ಕೆ ಬೆಳಗಿನ ಐದು ಗಂಟೆಗೆ ಪಾಲಿಕೆಯ ನಲ್ಲಿಯಲ್ಲಿ ನೀರು ಹೆಚ್ಚು ಬರುವುದಿಲ್ಲ ಎಂಬುದು ಚಾಳಿನಲ್ಲಿ ಬೆಳೆದ ನಮಗೆಲ್ಲ ಗೊತ್ತು; ಸ್ಪೀಕರಿನ ಅಂಗಡಿಗೆ ಹೋದಾಗ ಮಾತ್ರ ಅದು ಮರೆತುಹೋಗುತ್ತದೆ. ಅದೂ ಅಲ್ಲದೆ ಆ 500 ಎಂಬುದು ಕ್ಷಣಮಾತ್ರ ತಾಳುವ ಗರಿಷ್ಠ ಮಿತಿ. ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರವನ್ನು ಓದಿದರೆ, ನಿರಂತರವಾಗಿ ತಾಳುವ ಶಕ್ತಿ, ಅಂದರೆ ಆರ್‌ಎಂಎಸ್, ಅದರ ಒಂದು ಸಣ್ಣ ಪಾಲಷ್ಟೇ ಆಗಿರುವುದು ಕಾಣಿಸುತ್ತದೆ.

ಇನ್ನು ನಲ್ಲಿಯ ಲೆಕ್ಕ, ಅಂದರೆ ಸ್ಟೀರಿಯೋ ಕೊಡಬಲ್ಲ ಶಕ್ತಿಯದು. ಇಂಜಿನ್ ಓಡುತ್ತಿರುವಾಗ ಸ್ಟೀರಿಯೋಗೆ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಅದರಿಂದ 4 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಒಂದಿಷ್ಟೂ ನಷ್ಟವಿಲ್ಲದೆ, ದನಿ ಒಡೆಯದಂತೆ ಕೊಡಬಹುದಾದದ್ದು ಸುಮಾರು 26 ವ್ಯಾಟ್. ಸ್ಟೀರಿಯೋದೊಳಗೆ ದನಿಯನ್ನು ವರ್ಧಿಸುವ ಚಿಪ್ಪಿನಲ್ಲಿ, ಅಂದರೆ ಐಸಿಯಲ್ಲಿ, ಆಗುವ ನಷ್ಟವನ್ನು ಕಳೆದರೆ ಉಳಿಯುವುದು 15ರಿಂದ 20. ಹಾಗಾದರೆ ಸ್ಟೀರಿಯೋಗಳ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ (ನಾಲ್ಕು ಸ್ಪೀಕರಿಗೆ ತಲಾ 50) ಎಂದು ಬರೆದಿರುತ್ತದಲ್ಲ ಎಂದು ಕೇಳುವವರಿದ್ದಾರೆ. ವಾಲ್ಯೂಮ್ ಏರಿಸುತ್ತ ಹೋದಂತೆ ದನಿಯ ಅಲೆಯ ನೆತ್ತಿ ಕತ್ತರಿಸಿಹೋಗಿ, ಅದು ಪೂರ್ತಿ ಚೌಕವಾಗಿ, ಯಾರೂ ಕೇಳಲಾರದಷ್ಟು ಒಡೆದುಹೋದಾಗ ಇದೇ ಲೆಕ್ಕ 52 ವ್ಯಾಟ್‌ಗೆ ಬಂದು ನಿಲ್ಲುತ್ತದೆ. ಜಾಹೀರಾತಿನ 50 ಹುಟ್ಟಿದ್ದು ಅಲ್ಲಿ. ಹೀಗೆ ಒಡೆದ ದನಿಯೇ ಟ್ವೀಟರನ್ನು, ಅಂದರೆ ಕೀಚಲು ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರನ್ನು, ಸುಡುವುದು. 500 ವ್ಯಾಟ್‌ನ ಸ್ಪೀಕರ್ ತಂದು, ಸದ್ದು ಸಾಲದೆಂದು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸುವವರೇ ಹೆಚ್ಚಾಗಿ ಅದನ್ನು ಸುಟ್ಟುಕೊಂಡು ನನ್ನ ಬಳಿ ಬರುತ್ತಾರೆ.

ನೀವು ನೋಡಬೇಕಾದ ಅಂಕಿ ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಮೂರು ಡೆಸಿಬೆಲ್ ಹೆಚ್ಚಿದ್ದರೆ ಶಕ್ತಿ ಇಮ್ಮಡಿಯಾದಂತೆ: 20 ವ್ಯಾಟ್‌ನಲ್ಲಿ 90 ಡೆಸಿಬೆಲ್‌ನ ಸ್ಪೀಕರ್ ಕೊಡುವ ಸದ್ದಿಗೆ 87 ಡೆಸಿಬೆಲ್‌ನದು 40 ವ್ಯಾಟ್ ಬೇಡುತ್ತದೆ. ಇದರಲ್ಲಿಯೂ ಒಂದು ಕೈಚಳಕವಿದೆ. ಕೆಲವರು 1 ವ್ಯಾಟ್‌ನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 4 ಓಮ್‌ನ ಸ್ಪೀಕರಿಗೆ ಅದು 2 ವ್ಯಾಟ್ ಆಗುವುದರಿಂದ, ಅಂಥ ಅಂಕಿಯಲ್ಲಿ ಮೂರನ್ನು ಕಳೆದು ಹೋಲಿಸಬೇಕು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ನಿಂತು ಈ ಮೂರನ್ನು ಕಳೆಯಲು ಕಲಿತವರನ್ನು ಮಾರಾಟಗಾರ ಸುಲಭವಾಗಿ ಏಮಾರಿಸಲಾರ.

ಉಳಿದದ್ದು ಸುಲಭ. 4 ಓಮ್‌ಗಿಂತ ಕಡಿಮೆಯದನ್ನು ಗಾಡಿಯ ಸ್ಟೀರಿಯೋಗೆ ಜೋಡಿಸಬೇಡಿ. ಸ್ಪೀಕರಿನ ಅಗಲದಷ್ಟೇ ಆಳವನ್ನೂ ಅಳೆಯಿರಿ, ಇಲ್ಲವಾದರೆ ಗಾಜು ಇಳಿಸಿದಾಗ ಅದರ ಅಂಚು ಮ್ಯಾಗ್ನೆಟ್‌ಗೆ ತಾಗುತ್ತದೆ. ಗಾಡಿಯ ವೈರನ್ನು ಕತ್ತರಿಸಲು ಬಿಡದೆ, ನಿಮ್ಮ ಮಾಡೆಲಿಗೆ ಹೊಂದುವ ಕಪ್ಲರನ್ನೇ (ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಗ್) ಕೇಳಿ.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: ಆ ಸ್ಪೀಕರ್ ಕೆಟ್ಟದ್ದಾದರೂ ಏಕೆ? ನಮ್ಮ ಮಳೆಗಾಲದಲ್ಲಿ ಗಾಜಿನ ಗುಂಟ ಇಳಿಯುವ ನೀರು ಬಾಗಿಲಿನೊಳಕ್ಕೆ ಹೋಗಿಯೇ ಹೋಗುತ್ತದೆ. ಅದು ದೋಷವಲ್ಲ, ಆ ನೀರು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ, ಒಳಭಾಗ ಒದ್ದೆಯಾಗದಂತೆ ಪ್ಯಾನೆಲಿನ ಹಿಂದೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಪವರ್ ವಿಂಡೋ ರಿಪೇರಿಗೆ ಬಿಟ್ಟ ನನ್ನ ಗಾಡಿಯಲ್ಲಿ ಮೆಕ್ಯಾನಿಕ್ ಆ ಹಾಳೆಯನ್ನು ಹರಿದು ಹಾಗೆಯೇ ಪ್ಯಾನೆಲ್ ಮುಚ್ಚಿದ್ದ. ಮುಂದಿನ ಆಗಸ್ಟಿನಲ್ಲಿ ನಾನೇ ತೆಗೆದು ನೋಡಿದಾಗ ಸ್ಪೀಕರಿನ ಕಾಗದದ ಕೋನ್, ಅಂದರೆ ಕಂಪಿಸಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ, ನೆನೆದ ಹಪ್ಪಳದಂತೆ ಸೊಟ್ಟಗಾಗಿತ್ತು, ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಆದ್ದರಿಂದ ಕಾಗದದ ಬದಲು ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕೋನ್‌ನ ಸ್ಪೀಕರನ್ನೇ ಆರಿಸಿ, ಹಾಳೆಯನ್ನು ಮತ್ತೆ ಅಂಟಿಸುವವರೆಗೆ ಪಕ್ಕದಲ್ಲಿಯೇ ನಿಂತಿರಿ. ತಳದ ತೂತುಗಳಲ್ಲಿ ಕೆಸರು ಕಟ್ಟಿದ್ದರೆ ಹಿಡಿಸೂಡಿಯ ಒಂದು ಕಡ್ಡಿಯಿಂದ ಬಿಡಿಸಬಹುದು. ಅದಕ್ಕೆ ಯಾವ ಅಂಗಡಿಗೂ ಹೋಗಬೇಕಾಗಿಲ್ಲ.