ಹದಿನಾಲ್ಕು ತತ್ವ ಬಾಯಿಪಾಠ, ರೊಟ್ಟಿಯ ಲೆಕ್ಕ ಬಾರದು

ಬಿಬಿಎ ಎರಡನೇ ವರ್ಷದ ಹುಡುಗರಿಗೆ ಬ್ರೇಕ್ ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಮಾರಾಟದ ಸೂತ್ರ ಕೇಳಿ ನೋಡಿ. ಸ್ಥಿರ ವೆಚ್ಚವನ್ನು ಪ್ರತಿ ಯೂನಿಟ್ಟಿನ ಕಾಂಟ್ರಿಬ್ಯೂಷನ್ನಿನಿಂದ (ದರದಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವುದು) ಭಾಗಿಸಬೇಕು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಅದರ ಬೆನ್ನಿಗೇ ‘ಅಂಗಡಿಯವನು ನೂರಕ್ಕೆ ಹತ್ತು ಇಳಿಸು ಅಂತಾನೆ, ಇಳಿಸಬಹುದಾ?’ ಎಂದರೆ ತರಗತಿ ತಣ್ಣಗಾಗುತ್ತದೆ. ‘ಇಳಿಸಿದರೆ ವ್ಯಾಪಾರ ಜಾಸ್ತಿ ಆಗುತ್ತೆ ಸರ್’ ಎನ್ನುವವರು ಇಬ್ಬರೋ ಮೂವರೋ ಸಿಗುತ್ತಾರೆ. ಕಾಗದ ತೆಗೆದು ಲೆಕ್ಕ ಹಾಕುವವರು ಅಪರೂಪ.

ಈ ಪದವಿಯ ಸುತ್ತ ಇತ್ತೀಚೆಗೆ ಬಹಳಷ್ಟು ಬದಲಾಗಿದೆ. ಒಂದು ಕಾಲದ ಬಿಬಿಎಂ ಈಗ ಬಿಬಿಎ. 2024-25ರಿಂದ ಅದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂತು. ಅದೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಎನ್‌ಇಪಿ ಮಾದರಿ ಬಿಟ್ಟು ಮೂರು ವರ್ಷ, ಆರು ಸೆಮಿಸ್ಟರಿಗೆ ಮರಳಿದವು. ಆದರೆ ವಿದ್ಯಾರ್ಥಿ ಮುಗ್ಗರಿಸುವ ಜಾಗಗಳು ಬದಲಾಗಿಲ್ಲ. ಅಕೌಂಟ್ಸ್ ಒಂದು ಪೇಪರ್, ಮಾರ್ಕೆಟಿಂಗ್ ಇನ್ನೊಂದು, ಎಚ್ಆರ್ ಮತ್ತೊಂದು ಎಂದು ಬಿಡಿಬಿಡಿಯಾಗಿ ಓದಿ, ಪರೀಕ್ಷೆ ಮುಗಿದ ಮೇಲೆ ಒಂದೊಂದನ್ನೇ ಮರೆಯುತ್ತಾರೆ. ಇದಕ್ಕೆ ನಾವು ಹೇಳುವ ಮದ್ದು ಒಂದೇ. ಮೊದಲ ಸೆಮಿಸ್ಟರಿನಲ್ಲೇ ನಿಮ್ಮ ಊರಿನ ಒಂದು ಸಣ್ಣ ಉದ್ಯಮ ಹಿಡಿಯಿರಿ. ಮೂರು ವರ್ಷವೂ ಪ್ರತಿ ಪೇಪರಿನ ಪ್ರತಿ ಅಧ್ಯಾಯವನ್ನು ಅದರ ಮೇಲೆ ಪ್ರಯೋಗಿಸಿ.

ಉದಾಹರಣೆಗೆ ವಿಜಯಪುರ, ಕಲಬುರಗಿ ಕಡೆ ಖಡಕ್ ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವ ಒಂದು ಘಟಕ ಎಂದುಕೊಳ್ಳಿ. ಅಲ್ಲಿಗೆ ಹೋಗಿ ‘ಲಾಭ ಎಷ್ಟು?’ ಎಂದು ಕೇಳಬೇಡಿ, ಯಾರೂ ಹೇಳುವುದಿಲ್ಲ. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ, ರೊಟ್ಟಿ ಬಡಿಯುವವರಿಗೆ ಒಂದಕ್ಕೆ ಎಷ್ಟು, ಅಂಗಡಿಯವರು ಉದ್ರಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಉಳಿದದ್ದನ್ನು ನೀವೇ ಲೆಕ್ಕ ಹಾಕಬಹುದು.

ಅಂಕಿಗಳು ಹೀಗಿವೆ ಎನ್ನೋಣ. ಹಿಟ್ಟು ಕಿಲೋಗೆ 45 ರೂಪಾಯಿ, ಕಿಲೋಗೆ 18 ರೊಟ್ಟಿ. ಅಲ್ಲಿಗೆ ಒಂದು ರೊಟ್ಟಿಯ ಹಿಟ್ಟು 2.50. ಬಡಿಯುವ ಕೂಲಿ 1.80, ಗ್ಯಾಸ್ 0.70, ಪ್ಯಾಕಿಂಗ್ ಮತ್ತು ಸಾಗಣೆ 1.00. ಒಟ್ಟು ಬದಲಾಗುವ ವೆಚ್ಚ 6 ರೂಪಾಯಿ. ಅಂಗಡಿಗೆ ಕೊಡುವ ದರ 8. ಉಳಿಯುವ 2 ರೂಪಾಯಿಯೇ ಕಾಂಟ್ರಿಬ್ಯೂಷನ್. ತಿಂಗಳ ಸ್ಥಿರ ವೆಚ್ಚದಲ್ಲಿ ಬಾಡಿಗೆ 9,000, ಮೇಲ್ವಿಚಾರಕಿಯ ಸಂಬಳ 15,000, ಕರೆಂಟು-ಫೋನು 6,000, ಯಂತ್ರದ ಸವಕಳಿ 4,000; ಕೂಡಿದರೆ 34,000. ಬ್ರೇಕ್ ಈವನ್ 17,000 ರೊಟ್ಟಿ. ತಿಂಗಳಿಗೆ 25,000 ಮಾರಿದರೆ ಲಾಭ 16,000.

ಈಗ ನೂರಕ್ಕೆ ಹತ್ತು ಇಳಿಸಿ. ದರ 7.20, ಕಾಂಟ್ರಿಬ್ಯೂಷನ್ 1.20. ಬ್ರೇಕ್ ಈವನ್ 17,000ದಿಂದ 28,333ಕ್ಕೆ ಜಿಗಿಯುತ್ತದೆ. ಅದೇ 25,000 ರೊಟ್ಟಿ ಮಾರಿದರೆ 4,000 ನಷ್ಟ. ದರ ಇಳಿದದ್ದು ಹತ್ತು ಪರ್ಸೆಂಟ್, ಕಾಂಟ್ರಿಬ್ಯೂಷನ್ ಇಳಿದದ್ದು ನಲವತ್ತು ಪರ್ಸೆಂಟ್. ಮಕ್ಕಳು ತಪ್ಪುವುದು ಇಲ್ಲೇ. ರಿಯಾಯಿತಿ ಹೋಗುವುದು ದರದಿಂದ ಎಂದುಕೊಳ್ಳುತ್ತಾರೆ, ಅದು ಹೋಗುವುದು ಆ ಎರಡು ರೂಪಾಯಿಯಿಂದ. ಹಳೆಯ 16,000 ಲಾಭ ಉಳಿಸಿಕೊಳ್ಳಲು ಈಗ 41,667 ರೊಟ್ಟಿ ಮಾರಬೇಕು. ಒಬ್ಬರು ದಿನಕ್ಕೆ 200ರಂತೆ ತಿಂಗಳಿಗೆ 25 ದಿನ ಬಡಿದರೆ 5,000. ಐವರಿದ್ದ ಕಡೆ ಈಗ ಒಂಬತ್ತು ಮಂದಿ, ಅದಕ್ಕೆ ತಕ್ಕಷ್ಟು ಒಲೆ, ಬಹುಶಃ ಇನ್ನೊಂದು ಕೋಣೆ. ಆಗ ‘ಸ್ಥಿರ’ ವೆಚ್ಚವೂ ಮೇಲೇರುತ್ತದೆ. ಪಠ್ಯದ ಗ್ರಾಫಿನಲ್ಲಿ ಸ್ಥಿರ ವೆಚ್ಚದ ಗೆರೆ ಕೊನೆಯವರೆಗೂ ಮಲಗಿರುತ್ತದೆ. ಊರಿನ ಘಟಕದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಉತ್ತರಪತ್ರಿಕೆಯಲ್ಲಿ ಈ ಒಂದು ಸಾಲು ಬರೆದವರನ್ನು ಮೌಲ್ಯಮಾಪಕರು ಗಮನಿಸುತ್ತಾರೆ.

ಇದನ್ನೇ ಎಕ್ಸೆಲ್‌ನಲ್ಲಿ ಹಾಕಿ ಗೋಲ್ ಸೀಕ್ ಓಡಿಸಿ; ಬೇಕಾದ ಉತ್ತರ ಹೇಳಿದರೆ ಅದಕ್ಕೆ ತಕ್ಕ ಅಂಕಿಯನ್ನು ಅದು ಹುಡುಕಿಕೊಡುತ್ತದೆ. 25,000 ರೊಟ್ಟಿಗೆ ಲಾಭ ಸೊನ್ನೆಯಾಗುವ ದರ 7.36 ಎಂದು ಬರುತ್ತದೆ. ಅಂದರೆ ಚೌಕಾಸಿಯಲ್ಲಿ ಎಂಟು ಪರ್ಸೆಂಟ್ ದಾಟಿದರೆ ಕೈಯಿಂದ ಹಾಕಬೇಕು. ಬಿಬಿಎ ವಿದ್ಯಾರ್ಥಿಗೆ ಎಕ್ಸೆಲ್‌ನಲ್ಲಿ ಮಹಾ ವಿದ್ಯೆಯೇನೂ ಬೇಡ: ಷರತ್ತಿನಂತೆ ಕೂಡುವ ಸಮ್ಇಫ್ಸ್, ಪಟ್ಟಿಯಲ್ಲಿ ಹುಡುಕುವ ಎಕ್ಸ್‌ಲುಕಪ್, ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಟೇಬಲ್, ಗೋಲ್ ಸೀಕ್. ಈ ನಾಲ್ಕು ಕೈಗೆ ಬಂದರೆ ಮೊದಲ ಕೆಲಸಕ್ಕೆ ಸಾಕು. ದುಡ್ಡು ಕೊಟ್ಟು ಪಡೆಯುವ ಐದಾರು ಸರ್ಟಿಫಿಕೇಟುಗಳು ಇದಕ್ಕೆ ಸಮವಲ್ಲ.

ಇಷ್ಟು ದೂರ ಬರುವ ಮುಂಚೆ ದಾಟಬೇಕಾದ ಹೊಳೆಯೊಂದಿದೆ. ಪಿಯುಸಿಯಲ್ಲಿ ವಿಜ್ಞಾನವೋ ಕಲೆಯೋ ಓದಿ ಬಂದವರು ಮೊದಲ ಸೆಮಿಸ್ಟರಿನ ಅಕೌಂಟ್ಸ್‌ನಲ್ಲಿ ಮುಳುಗುತ್ತಾರೆ. ಕಾರಣ ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ. ದುಡ್ಡು ಬಂದಾಗ ‘ಕ್ರೆಡಿಟ್’, ಹೋದಾಗ ‘ಡೆಬಿಟ್’ ಎಂದು ಅದು ವರ್ಷಗಳಿಂದ ಕಲಿಸಿಬಿಟ್ಟಿರುತ್ತದೆ. ತರಗತಿಯಲ್ಲಿ ಬಂದದ್ದನ್ನು ಡೆಬಿಟ್ ಮಾಡು ಎಂದಾಗ ತಲೆ ಕೆಡುತ್ತದೆ. ಸಂದೇಶ ಬ್ಯಾಂಕಿನ ಪುಸ್ತಕದಿಂದ ಬಂದದ್ದು. ನೀವು 5,000 ಕಟ್ಟಿದರೆ ಬ್ಯಾಂಕು ನಿಮಗೆ ಅಷ್ಟು ಕೊಡಬೇಕಾದ ಸಾಲಗಾರ, ಅದರ ಪುಸ್ತಕದಲ್ಲಿ ನಿಮ್ಮ ಖಾತೆ ಒಂದು ಹೊಣೆ. ಹೊಣೆ ಹೆಚ್ಚಿದರೆ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ. ಆಸ್ತಿ ಹೆಚ್ಚಿದರೆ ಡೆಬಿಟ್. ‘ಯಾರ ಪುಸ್ತಕ?’ ಎಂದು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಆಮೇಲೆ ಉಳಿಯುವುದು ಕೈಪಳಗುವ ಕೆಲಸ. ಮನೆಯ ವಹಿವಾಟನ್ನೇ ದಿನಕ್ಕೆ ನಾಲ್ಕು ಎಂಟ್ರಿಯಂತೆ ಒಂದು ತಿಂಗಳು ಜರ್ನಲ್ಲಿಗೆ (ದಿನಚರಿ ಪುಸ್ತಕ) ಬರೆದು, ಲೆಡ್ಜರಿಗೆ (ಖಾತೆವಾರು ಪುಸ್ತಕ) ಹಾಕಿ, ತಿಂಗಳ ಕೊನೆಗೆ ಡೆಬಿಟ್-ಕ್ರೆಡಿಟ್ ಮೊತ್ತಗಳನ್ನು ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ತೆಗೆಯಿರಿ. ತಾಳೆಯಾಗದಿದ್ದರೆ ಮೊದಲಿನಿಂದ ಹುಡುಕಬೇಡಿ. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ. ಶೇಷವಿಲ್ಲದೆ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು, 540 ಹೋಗಿ 450 ಆದ ಹಾಗೆ, ಅಥವಾ ಒಂದು ಸೊನ್ನೆ ಬಿದ್ದುಹೋಗಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಇದ್ದರೆ ಅದು ತಪ್ಪು ಬದಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ತಾಳೆಯಾದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ. ಯಂತ್ರ ಕೊಂಡದ್ದನ್ನು ರಿಪೇರಿ ಖರ್ಚಿಗೆ ಹಾಕಿದರೂ ಎರಡೂ ಬದಿ ಸಮವಾಗಿಯೇ ಕೂಡುತ್ತವೆ, ಲಾಭ ಮಾತ್ರ ಸುಳ್ಳಾಗುತ್ತದೆ.

ಲಾಭ ಎಂದಾಗ ರೊಟ್ಟಿ ಘಟಕಕ್ಕೇ ಹೋಗೋಣ. ತಿಂಗಳಿಗೆ 16,000 ಲಾಭವಿದ್ದೂ ಹಿಟ್ಟಿನವನಿಗೆ ಕೊಡಲು ಕಾಸಿಲ್ಲ ಎಂಬ ಸ್ಥಿತಿ ಹೇಗೆ ಬರುತ್ತದೆ? ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾದ ಹಣದ ಅಧ್ಯಾಯ ಹೇಳುವುದು ಇದನ್ನೇ. ಹಿಟ್ಟಿನ ದಾಸ್ತಾನು 20 ದಿನದ್ದು, ಮಾಡಿಟ್ಟ ರೊಟ್ಟಿ 10 ದಿನ, ಅಂಗಡಿಯವರ ಉದ್ರಿ 45 ದಿನ, ಹಿಟ್ಟಿನವನು ನಮಗೆ ಕೊಡುವ ಉದ್ರಿ 15 ದಿನ. ಕೂಡಿ ಕಳೆದರೆ 60 ದಿನ. ಕೈಯಿಂದ ಹಣ ಹೋಗದ ಸವಕಳಿಯನ್ನು ಕೈಬಿಟ್ಟರೆ ತಿಂಗಳ ನಗದು ಖರ್ಚು 1,80,000, ದಿನಕ್ಕೆ 6,000. ಬಹುತೇಕರು 60ನ್ನು 6,000ದಿಂದ ಗುಣಿಸಿ 3,60,000 ಎಂದು ಬರೆದು ಮುಗಿಸುತ್ತಾರೆ. ಅದು ಒರಟು ಲೆಕ್ಕ. ಹಿಟ್ಟಿನ ದಾಸ್ತಾನಿನಲ್ಲಿ ಸಿಕ್ಕಿಕೊಂಡಿರುವುದು ಹಿಟ್ಟಿನ ಬೆಲೆ ಮಾತ್ರ, ಕೂಲಿಯಲ್ಲ. ತಿಂಗಳಿಗೆ 62,500ರ ಹಿಟ್ಟಾದರೆ 20 ದಿನಕ್ಕೆ ಸುಮಾರು 41,700. ಮಾಡಿಟ್ಟ ರೊಟ್ಟಿಗೆ 60,000, ಉದ್ರಿಗೆ 2,70,000. ಹಿಟ್ಟಿನವನ ಉದ್ರಿ 31,250 ಕಳೆಯಿರಿ. ಬರುವುದು ಸುಮಾರು 3,40,000. ಲಾಭ 16,000ದ ವ್ಯಾಪಾರಕ್ಕೆ ಇಷ್ಟು ಹಣ ಸದಾ ಒಳಗೇ ಸುತ್ತುತ್ತಿರಬೇಕು.

ಇದರಲ್ಲಿ ಬಹುಪಾಲು ಉದ್ರಿಯದು ಎಂಬುದು ಕಣ್ಣಿಗೆ ಬಿದ್ದೊಡನೆ ಬಿಸಿನೆಸ್ ಲಾ ಪೇಪರಿಗೂ ಜೀವ ಬರುತ್ತದೆ. ಘಟಕ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಮಾಡಿಸಿದ್ದರೆ, 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಬರವಣಿಗೆಯ ಒಪ್ಪಂದವಿದ್ದರೂ ಖರೀದಿದಾರ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾಳೆಯೂ ರೊಟ್ಟಿ ಕೊಳ್ಳಬೇಕಾದ ಅಂಗಡಿಯವನ ಮೇಲೆ ಇದನ್ನು ಬಳಸಬೇಕೋ ಬೇಡವೋ ಎಂಬುದು ಕಾನೂನು ಹೇಳದ ಮಾತು. ಅದು ಮ್ಯಾನೇಜ್‌ಮೆಂಟ್.

ಜಿಎಸ್‌ಟಿಯನ್ನೂ ಇದೇ ಘಟಕದ ಮೇಲೆ ಓದಿ. ರೊಟ್ಟಿ, ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯಿಲ್ಲ. ಘಟಕ ಜೊತೆಗೆ ತೆರಿಗೆ ಇರುವ ಶೇಂಗಾ ಚಟ್ನಿ ಪುಡಿಯನ್ನೂ ಮಾರತೊಡಗಿದರೆ? ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ, ಆದರೆ ಆ ಮಿತಿಯನ್ನು ಎಣಿಸುವಾಗ ತೆರಿಗೆಯಿಲ್ಲದ ರೊಟ್ಟಿಯ 24 ಲಕ್ಷವೂ ಸೇರುತ್ತದೆ. ಚಟ್ನಿ ಪುಡಿಯನ್ನು ಗಡಿ ದಾಟಿಸಿ ಸೊಲ್ಲಾಪುರಕ್ಕೆ ಮಾರಿದರೆ ಮಿತಿಯ ಮಾತೇ ಇಲ್ಲ, ನೋಂದಣಿ ಬೇಕು.

ಥಿಯರಿ ಪೇಪರುಗಳ ಬಗ್ಗೆ ಒಂದು ಮಾತು. ಗಣಿ ಕಂಪನಿ ನಡೆಸಿದ ಫ್ರೆಂಚ್ ಎಂಜಿನಿಯರ್ ಹೆನ್ರಿ ಫೇಯೋಲ್ 1916ರಲ್ಲಿ ಪ್ರಕಟಿಸಿದ 14 ತತ್ವಗಳನ್ನು ಇವತ್ತಿಗೂ ಅದೇ ಕ್ರಮದಲ್ಲಿ ಉರು ಹೊಡೆಯುತ್ತಾರೆ. ಅದರಲ್ಲಿ ‘ಆಜ್ಞೆಯ ಏಕತೆ’, ಅಂದರೆ ಕೆಲಸಗಾರನಿಗೆ ಒಬ್ಬರೇ ಆಜ್ಞೆ ಕೊಡಬೇಕು ಎಂಬ ಒಂದನ್ನು ತೆಗೆದುಕೊಳ್ಳಿ. ಮೇಲ್ವಿಚಾರಕಿ ತೆಳ್ಳಗೆ ಬಡಿಯಿರಿ ಎನ್ನುತ್ತಾಳೆ, ಮಾಲೀಕನ ತಾಯಿ ಬಂದು ದಪ್ಪಗಿರಲಿ, ಮುರಿಯುತ್ತದೆ ಎನ್ನುತ್ತಾರೆ. ಕಿಲೋಗೆ 18 ಬರಬೇಕಾದ ರೊಟ್ಟಿ 16ಕ್ಕೆ ಇಳಿದರೆ ಹಿಟ್ಟಿನ ವೆಚ್ಚ 2.50ರಿಂದ 2.81ಕ್ಕೆ ಏರುತ್ತದೆ. 25,000 ರೊಟ್ಟಿಗೆ ತಿಂಗಳಿಗೆ ಸುಮಾರು 7,800 ರೂಪಾಯಿ, ಲಾಭದ ಅರ್ಧದಷ್ಟು. ಹತ್ತು ಅಂಕದ ಪ್ರಶ್ನೆಗೆ ಹದಿನಾಲ್ಕನ್ನೂ ಎರಡೆರಡು ಸಾಲು ಬರೆಯುವ ಬದಲು, ಎಲ್ಲವನ್ನೂ ಹೆಸರಿಸಿ ನಾಲ್ಕನ್ನು ಹೀಗೆ ಬಿಡಿಸಿ.

ಆರನೇ ಸೆಮಿಸ್ಟರಿನ ಹೊತ್ತಿಗೆ ಪ್ರಾಜೆಕ್ಟ್ ವರದಿಯ ಸರದಿ. ಹೆಚ್ಚಿನವು ಒಂದೇ ಅಚ್ಚಿನವು: ‘ಇಂಥ ಕಂಪನಿಯ ಗ್ರಾಹಕರ ಸಂತೃಪ್ತಿ, ಒಂದು ಅಧ್ಯಯನ’, ನೂರು ಮಂದಿಯ ಗೂಗಲ್ ಫಾರ್ಮ್, ಇಪ್ಪತ್ತು ಪೈ ಚಾರ್ಟ್. ಆ ನೂರು ಮಂದಿಯಲ್ಲಿ ಎಂಬತ್ತು ಸಹಪಾಠಿಗಳೇ. ವೈವಾದಲ್ಲಿ (ಮೌಖಿಕ ಪರೀಕ್ಷೆ) ‘ನೂರೇ ಯಾಕೆ? ಇವರೇ ಯಾಕೆ?’ ಎಂದ ಕೂಡಲೇ ಮಾತು ನಿಲ್ಲುತ್ತದೆ. ‘ನಮ್ಮ ಉತ್ತಮ ಸೇವೆಯಿಂದ ನಿಮಗೆ ತೃಪ್ತಿಯಾಗಿದೆಯೇ?’ ಎಂಬಂಥ ಪ್ರಶ್ನೆ ಉತ್ತರವನ್ನು ತಾನೇ ಹೇಳಿಕೊಟ್ಟುಬಿಟ್ಟಿರುತ್ತದೆ. ಎರಡು ವಿಷಯಗಳಿಗೆ ನಂಟಿದೆಯೇ ಎಂದು ನೋಡುವ ‘ಕೈ ಸ್ಕ್ವೇರ್’ (chi-square) ಪರೀಕ್ಷೆ ಹಾಕಿದವರು ಕೋಷ್ಟಕದ ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಇದೆಯೇ ಎಂದು ನೋಡಿರುವುದಿಲ್ಲ. ಹಲವು ಮನೆಗಳಲ್ಲಿ ಹಾಗಿದ್ದರೆ ಫಲಿತಾಂಶ ನಂಬಲು ಬರುವುದಿಲ್ಲ. ಇದರ ಬದಲು ಒಂದು ಕಿರಾಣಿ ಅಂಗಡಿಯ 90 ದಿನದ ಉದ್ರಿ ಪುಸ್ತಕ ತೆಗೆದುಕೊಳ್ಳಿ. ಗ್ರಾಹಕರ ಹೆಸರು ಅಳಿಸಿ, 0–15, 16–30, 31–60, ಅದಕ್ಕೂ ಹಳೆಯದು ಎಂದು ವಿಂಗಡಿಸಿ. ಯಾವ ಗುಂಪಿನಲ್ಲಿ ಎಷ್ಟು ಹಣ ಸಿಕ್ಕಿಕೊಂಡಿದೆ, ಯಾವ ವಾರದಲ್ಲಿ ವಸೂಲಿ ಹೆಚ್ಚು, ತಿಂಗಳ ಸಂಬಳದ ದಿನಕ್ಕೂ ಅದಕ್ಕೂ ನಂಟಿದೆಯೇ? ನಲವತ್ತು ಪುಟ ಸಾಕು, ಅದರಲ್ಲಿ ಪ್ರತಿಯೊಂದು ಅಂಕಿಯೂ ನಿಮ್ಮದು.

ದೊಡ್ಡ ಕಂಪನಿಯನ್ನೂ ನೋಡಬೇಕು ಎನ್ನುವವರು ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್‌ನ ವಾರ್ಷಿಕ ವರದಿ ಇಳಿಸಿಕೊಳ್ಳಿ. ಜಾಕಿ ಬ್ರ್ಯಾಂಡಿನ ಬಟ್ಟೆಗಳನ್ನು ಪರವಾನಗಿ ಪಡೆದು ತಯಾರಿಸುವ ಕಂಪನಿ ಅದು. ಮುಖಪುಟದ ಬಣ್ಣದ ಹಾಳೆ ಬಿಟ್ಟು ನೇರ ಟಿಪ್ಪಣಿಗಳಿಗೆ ಹೋಗಿ ದಾಸ್ತಾನು, ಬರಬೇಕಾದ ಬಾಕಿ, ರಾಯಧನ (ಬ್ರ್ಯಾಂಡ್ ಬಳಸಲು ಕೊಡುವ ಹಣ) ಈ ಮೂರನ್ನು ಹುಡುಕಿ. ರೊಟ್ಟಿ ಘಟಕಕ್ಕೆ ಕೇಳಿದ ಪ್ರಶ್ನೆಗಳೇ ಅಲ್ಲಿಗೂ ಒಪ್ಪುತ್ತವೆ.

ಕಾಲೇಜು ಆರಿಸುವಾಗ ‘ಅತಿ ಹೆಚ್ಚಿನ ಪ್ಯಾಕೇಜ್’ ಫಲಕ ನೋಡಬೇಡಿ. ಎಷ್ಟು ಮಂದಿ ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟಿದ್ದರು, ಸಂಬಳದ ಏರಿಕೆ ಕ್ರಮದಲ್ಲಿ ನಿಲ್ಲಿಸಿದರೆ ಮಧ್ಯದವನ ಸಂಬಳ ಎಷ್ಟು, ಕಾಸ್ಟ್ ಅಕೌಂಟಿಂಗ್‌ನಲ್ಲಿ ಕಳೆದ ಬಾರಿ ಎಷ್ಟು ಮಂದಿ ಪಾಸಾದರು ಎಂದು ಕೇಳಿ. ಬಿಬಿಎ ಮಾಡಿದರೆ ಸಿಎ ದಾರಿ ಮುಚ್ಚಿತು ಎಂಬುದೂ ತಪ್ಪು. ಅಕೌಂಟಿಂಗ್, ತೆರಿಗೆ, ಕಾಸ್ಟಿಂಗ್, ಮ್ಯಾನೇಜ್‌ಮೆಂಟ್ ಮುಂತಾದ ವಿಷಯಗಳಲ್ಲಿ ನೂರು ಅಂಕದ ಮೂರು ಪೇಪರ್ ಓದಿ ಒಟ್ಟು 55 ಪರ್ಸೆಂಟ್ ತೆಗೆದವರು ವಾಣಿಜ್ಯ ಪದವೀಧರರಂತೆಯೇ ನೇರ ಸಿಎಯ ಎರಡನೇ ಹಂತವಾದ ಇಂಟರ್‌ಮೀಡಿಯಟ್‌ಗೆ ಸೇರಬಹುದು.

ಪುಸ್ತಕದ ವಿಷಯ. ಅಕೌಂಟ್ಸ್, ಅಂಕಿಸಂಖ್ಯಾಶಾಸ್ತ್ರ, ಮ್ಯಾನೇಜ್‌ಮೆಂಟ್ ತತ್ವಗಳು, ಕಾಸ್ಟಿಂಗ್ ಪುಸ್ತಕಗಳನ್ನು ಸೀನಿಯರುಗಳಿಂದ ಅರ್ಧ ಬೆಲೆಗೆ ಕೊಳ್ಳಿ, ನಷ್ಟವಿಲ್ಲ. ತೆರಿಗೆ ಮತ್ತು ಕಾನೂನಿನವನ್ನು ಕೊಳ್ಳಬೇಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಿಂದಿನ ವರ್ಷ (ಆದಾಯ ಗಳಿಸಿದ್ದು), ನಿರ್ಧರಣಾ ವರ್ಷ (ಅದರ ತೆರಿಗೆ ನಿರ್ಧರಿಸುವುದು) ಎಂಬ ಜೋಡಿಯ ಜಾಗದಲ್ಲಿ ತೆರಿಗೆ ವರ್ಷ ಎಂಬ ಒಂದೇ ಪದವಿದೆ. ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ. ಎಚ್ಆರ್ ಪುಸ್ತಕದಲ್ಲಿ ಕಾರ್ಖಾನೆ ಕಾಯ್ದೆ, ಬೋನಸ್ ಕಾಯ್ದೆ ಎಂದು ಬಿಡಿಬಿಡಿಯಾಗಿದ್ದರೆ ಅದೂ ಹಳೆಯದು. 2025ರ ನವೆಂಬರ್ 21ರಿಂದ 29 ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಆದರೆ ನಿಮ್ಮ ಪ್ರಶ್ನೆಪತ್ರಿಕೆ ಯಾವ ಕಾಯ್ದೆಯ ಮೇಲೆ ಬರುತ್ತದೆ ಎಂಬುದನ್ನು ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿ ತೆಗೆದು ನೋಡಿಕೊಂಡೇ ಅಂಗಡಿಗೆ ಹೋಗಿ.