ಮೂಳೆಚೂರಿಗೆ ಮಣ್ಣಿನ ಲೆಕ್ಕ

ಸೊಂಟದಲ್ಲಿ ಕೂರಿಸಿದ ಕೃತಕ ಕೀಲು ಹದಿನೈದಿಪ್ಪತ್ತು ವರ್ಷ ದುಡಿದು ಸಡಿಲವಾದರೆ ಅದನ್ನು ಕಿತ್ತು ಹೊಸದು ಹಾಕಬೇಕಾಗುತ್ತದೆ. ಡಾಕ್ಟರುಗಳ ಮಾತಿನಲ್ಲಿ ಇದು ‘ರಿವಿಷನ್’. ಮೊದಲ ಆಪರೇಷನ್ನಿನ ಹೊತ್ತಿಗೆ ತೊಡೆಮೂಳೆಯ ಒಳಗೋಡೆ ತೂತುತೂತಾಗಿ ಇರುತ್ತದೆ; ಮೂಳೆ ಸಿಮೆಂಟು ಆ ತೂತುಗಳಿಗೆ ಇಳಿದು, ಗಟ್ಟಿಯಾಗಿ, ಕೀಲಿನಿಂದ ತೊಡೆಮೂಳೆಯೊಳಕ್ಕೆ ಇಳಿಯುವ ಲೋಹದ ಕಾಂಡವನ್ನು ಹಿಡಿದುಕೊಳ್ಳುತ್ತದೆ. ಎರಡನೆಯ ಸಲ ತೆರೆದು ನೋಡಿದರೆ ಆ ಗೋಡೆ ಬಹುಪಾಲು ಮಾಯವಾಗಿರುತ್ತದೆ. ಉಳಿದಿರುವುದು ಒಳಗೆಲ್ಲ ನುಣುಪಾದ, ತೆಳುವಾದ, ಅಗಲವಾದ ಒಂದು ಕೊಳವೆ. ಹೊಸ ಸಿಮೆಂಟಿಗೆ ಕಚ್ಚಿಕೊಳ್ಳಲು ಅಲ್ಲಿ ಜಾಗವೇ ಇಲ್ಲ.

ಇದಕ್ಕೆ ಮುಖ್ಯ ಕಾರಣ ಸವೆತದ ಧೂಳು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲಿನ ಕೀಲನ್ನು ಹಾಕಲು ಶುರು ಮಾಡಿದರು. ಅದಕ್ಕೂ ಮುಂಚೆ ಅವರು ಟೆಫ್ಲಾನ್ ಬಟ್ಟಲು ಬಳಸಿ ಕೈಸುಟ್ಟುಕೊಂಡಿದ್ದರು. ಅದು ಬೇಗ ಸವೆಯಿತು, ಸವೆದ ಪುಡಿಗೆ ದೇಹ ಸಿಟ್ಟಿಗೆದ್ದಿತು. ಈ ಪದಾರ್ಥಗಳಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ತಿಳಿಯಲು ಚಾರ್ನ್‌ಲಿ ತಮ್ಮ ತೊಡೆಗೇ ಟೆಫ್ಲಾನ್ ಸೇರಿಸಿಕೊಂಡರು. ಇಂದಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಲಾರದು! ಪಾಲಿಎಥಿಲೀನ್ ಬಹಳ ನಿಧಾನವಾಗಿ ಸವೆಯುತ್ತದೆ, ಆದರೆ ಸವೆಯದೇ ಇರುವುದಿಲ್ಲ. ಅದರ ಕಣಗಳನ್ನು ನುಂಗಿ ಅರಗಿಸಲಾಗದ ರಕ್ಷಣಾಕೋಶಗಳು ರಾಸಾಯನಿಕ ಸಂಕೇತ ಹೊರಡಿಸುತ್ತವೆ. ಆ ಸಂಕೇತಕ್ಕೆ ಓಗೊಟ್ಟು ಬರುವ ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆಗರಗಿಸುವ ಕೋಶಗಳು ಇಂಪ್ಲಾಂಟಿನ ಸುತ್ತಲಿನ ಮೂಳೆಯನ್ನು ತಿಂದುಹಾಕುತ್ತವೆ.

ಕಳೆದುಹೋದ ಮೂಳೆಯ ಜಾಗದಲ್ಲಿ ಬರೀ ಸಿಮೆಂಟು ತುಂಬಿದರೆ, ಅಥವಾ ಇನ್ನೂ ದಪ್ಪ ಲೋಹ ಹಾಕಿದರೆ, ಮೂರನೆಯ ಆಪರೇಷನ್ನಿಗೆ ಏನೂ ಉಳಿಯುವುದಿಲ್ಲ. ನೆದರ್ಲೆಂಡ್ಸಿನ ನೈಮೆಗನ್‌ನಲ್ಲಿ ಟಾಮ್ ಸ್ಲೋಫ್ 1979ರ ಸುಮಾರಿಗೆ ಬೇರೆ ದಾರಿ ಹಿಡಿದರು. ದಾನವಾಗಿ ಬಂದ ಮೂಳೆಯನ್ನು ಚೂರು ಮಾಡಿ, ಹಳ್ಳಬಿದ್ದ ಬಟ್ಟಲಿನ ಜಾಗಕ್ಕೆ ಸುತ್ತಿಗೆಯಿಂದ ಬಡಿದು ತುಂಬಿ, ಅದರ ಮೇಲೆ ಸಿಮೆಂಟು ಹಾಕಿ ಹೊಸ ಬಟ್ಟಲು ಕೂರಿಸಿದರು. 1987ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ರಾಬಿನ್ ಲಿಂಗ್ ಮತ್ತು ಗ್ರಹಾಂ ಗೀ ಅದೇ ಕ್ರಮವನ್ನು ಸಿಮೆಂಟಿನ ಜೊತೆಗೆ ತೊಡೆಮೂಳೆಗೆ ಒಗ್ಗಿಸಿದರು. ಕೊಳವೆಯ ತಳಕ್ಕೆ ಬಿರಡೆ ಹಾಕಿ, ಚೂರುಗಳನ್ನು ಸುರಿಸುರಿದು, ಕಾಂಡದ ಆಕಾರದ್ದೇ ಆದ ಉಪಕರಣದಿಂದ ಬಡಿಯುತ್ತ ಬಡಿಯುತ್ತ ಮೂಳೆಯೊಳಗೆ ಹೊಸ ಮೂಳೆಗೋಡೆ ಕಟ್ಟುವುದು ಈ ವಿಧಾನ.

ಚೂರುಗಳು ಎಲ್ಲಿಂದ ಬರುತ್ತವೆ? ಬಹುಮಟ್ಟಿಗೆ ಇನ್ನೊಬ್ಬ ರೋಗಿಯಿಂದ. ಮೊದಲ ಸಲ ಕೀಲು ಬದಲಾಯಿಸುವಾಗ ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ರೋಗಿಯ ಒಪ್ಪಿಗೆಯಿದ್ದರೆ, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆಗಳಲ್ಲಿ ಪಾಸಾದರೆ, ಅದು ಮೈನಸ್ 80 ಡಿಗ್ರಿಯಲ್ಲಿ ಮೂಳೆ ಬ್ಯಾಂಕು ಸೇರುತ್ತದೆ. ಭಾರತದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ನಡೆಯುತ್ತಿದೆ. ಅಲ್ಲಿ ಕಸಿಯನ್ನು ಗಾಮಾ ವಿಕಿರಣದಿಂದ ಶುದ್ಧ ಮಾಡುತ್ತಾರೆ. ಅಂಗಾಂಗ ಕಸಿಯ ನಮ್ಮ ಕಾನೂನಿನ ವ್ಯಾಪ್ತಿಗೆ ಮೂಳೆಯಂಥ ಅಂಗಾಂಶಗಳೂ ಸೇರಿದ್ದು 2011ರ ತಿದ್ದುಪಡಿಯಿಂದ.

ಈಗ ನಿಜವಾದ ಸಮಸ್ಯೆಗೆ ಬರೋಣ. ಬಡಿದು ಕೂರಿಸಿದ ಚೂರುಗಳ ಮೇಲೆ ಮನುಷ್ಯ ನಡೆಯಬೇಕು. ಒಂದೊಂದು ಹೆಜ್ಜೆಗೂ ಸೊಂಟದ ಕೀಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಚೂರುಗಳು ಒಂದರ ಮೇಲೊಂದು ಜಾರಿದರೆ ಕಾಂಡ ಕೆಳಗೆ ಕುಸಿಯುತ್ತದೆ. ಸಡಿಲ ಕಣಗಳ ರಾಶಿ ಎಷ್ಟು ಭಾರಕ್ಕೆ ಜಾರುತ್ತದೆ ಎನ್ನುವುದು ವೈದ್ಯರ ಪ್ರಶ್ನೆಯಾಗುವುದಕ್ಕೆ ಬಹಳ ಮೊದಲೇ ರಸ್ತೆ, ಅಣೆಕಟ್ಟು ಕಟ್ಟುವ ಸಿವಿಲ್ ಎಂಜಿನಿಯರುಗಳ ಪ್ರಶ್ನೆಯಾಗಿತ್ತು. 1990ರ ದಶಕದ ಕೊನೆಗೆ ಎಡಿನ್‌ಬರೊದ ಸಂಶೋಧಕರು ಮೂಳೆಚೂರನ್ನು ನೇರವಾಗಿ ಮಣ್ಣಿನ ಬಲ ಅಳೆಯುವ ಲೆಕ್ಕಕ್ಕೆ ಒಡ್ಡಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಚೆಂದದ ಘಟ್ಟ ಇದೇ.

ಮೊದಲ ಪಾಠ ಗಾತ್ರದ್ದು. ರಸ್ತೆಗೆ ದಮ್ಮಸು ಹಾಕುವ ಮೇಸ್ತ್ರಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ಎಲ್ಲವನ್ನೂ ಬೆರೆಸುವುದು ಸಂದುಗಳು ತುಂಬಲೆಂದು. ಮೂಳೆಗೂ ಅದೇ ನಿಯಮ: ಹಲವು ಗಾತ್ರಗಳನ್ನು ಹದವಾಗಿ ಬೆರೆಸಿದ ಚೂರುಗಳು ಒಂದೇ ಗಾತ್ರದವಕ್ಕಿಂತ ಜಾಸ್ತಿ ಭಾರ ತಡೆಯುತ್ತವೆ. ಮೂಳೆ ಅರೆಯುವ ಗಿರಣಿಗಳಿಂದ ಸಾಮಾನ್ಯವಾಗಿ ಬರುವ ಚೂರಿನಲ್ಲಿ ಈ ಹದ ಇರುವುದಿಲ್ಲ.

ಎರಡನೆಯದು ತೊಳೆಯುವುದು. ಮೂಳೆಯ ತಲೆಯೊಳಗೆ ಕೊಬ್ಬು, ಮಜ್ಜೆ ತುಂಬಿರುತ್ತವೆ. ಚೂರುಗಳನ್ನು ಬಡಿಯುವಾಗ ಈ ದ್ರವ ಬೇಗ ಹೊರಗೆ ಹೋಗಲಾರದೆ ಏಟಿನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಕಣ ಕಣಕ್ಕೆ ಒತ್ತಿಕೊಳ್ಳಲು ಬಿಡುವುದಿಲ್ಲ. ನೆಂದ ಮಣ್ಣಿನಲ್ಲಿ ನೀರು ಇದೇ ಕೆಲಸ ಮಾಡುತ್ತದೆ ಎಂದು ಎಂಜಿನಿಯರ್ ಕಾರ್ಲ್ ಟೆರ್ಝಾಗಿ 1920ರ ದಶಕದಲ್ಲೇ ತೋರಿಸಿದ್ದರು; ಮಳೆಗಾಲದಲ್ಲಿ ಗುಡ್ಡ ಜರಿಯುವುದಕ್ಕೂ ಇದೇ ವಿವರಣೆ. ಬೆಚ್ಚಗಿನ ಸಲೈನ್ ಹಾಯಿಸಿ ಕೊಬ್ಬನ್ನು ತೊಳೆದಾಗ ಚೂರುಗಳ ಬಲ ಗಣನೀಯವಾಗಿ ಏರಿತು. ದಾನಿಯ ಕೋಶಗಳೂ ತೊಳೆದುಹೋಗುವುದು ಇನ್ನೊಂದು ಲಾಭ. ನೈಮೆಗನ್‌ನವರು ಆಡುಗಳಲ್ಲಿ ಪರೀಕ್ಷಿಸಿದಾಗ ತೊಳೆದ ಕಸಿಯೊಳಕ್ಕೆ ಹೊಸ ಮೂಳೆ ಇನ್ನೂ ಚೆನ್ನಾಗಿ ಬೆಳೆದಿತ್ತು. ಪೇಟೆಂಟಿಲ್ಲ, ದುಬಾರಿ ಔಷಧಿಯಿಲ್ಲ, ಉಪ್ಪುನೀರಷ್ಟೇ.

ಇಷ್ಟಾದರೂ ಸರ್ಜನ್ನನ ಕೈಯಲ್ಲೊಂದು ಸಂಕಟ ಉಳಿಯುತ್ತದೆ. ಮೆತ್ತಗೆ ಬಡಿದರೆ ಕಾಂಡ ಕುಸಿಯುತ್ತದೆ, ಜೋರಾಗಿ ಬಡಿದರೆ ಮೊದಲೇ ತೆಳುವಾದ ತೊಡೆಮೂಳೆ ಸೀಳುತ್ತದೆ. ಎಷ್ಟು ಜೋರು ಸಾಕು ಎನ್ನುವುದು ಇವತ್ತಿಗೂ ಬಹುಪಾಲು ಅಭ್ಯಾಸದಿಂದ ಬರುವ ಕೈಗುಣ.

ಮಣ್ಣಿನ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಯಾಕೆಂದರೆ ಮಣ್ಣನ್ನು ಯಾರೂ ತಿನ್ನುವುದಿಲ್ಲ. ಕಸಿ ಮೂಳೆ ಸತ್ತ ಮೂಳೆ. ದೇಹ ಅದರೊಳಕ್ಕೆ ರಕ್ತನಾಳ ಚಾಚಿ, ಆಸ್ಟಿಯೋಕ್ಲಾಸ್ಟ್‌ಗಳಿಂದ ಅದನ್ನು ಕರಗಿಸಿ, ಆಸ್ಟಿಯೋಬ್ಲಾಸ್ಟ್ ಎಂಬ ಕಟ್ಟುವ ಕೋಶಗಳಿಂದ ಹೊಸದನ್ನು ಕಟ್ಟುತ್ತದೆ. ಕರಗುವುದು ಮುಂದೆ ಓಡಿ, ಕಟ್ಟುವುದು ಹಿಂದೆ ಬಿದ್ದರೆ ನಡುವೆ ಕೆಲವು ತಿಂಗಳು ಆಧಾರ ಸೊರಗುತ್ತದೆ.

ಕಟ್ಟುವುದನ್ನು ಚುರುಕು ಮಾಡಿದರೆ? ಲಾಸ್ ಏಂಜಲೀಸಿನ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ ಅಲ್ಲೇ ಹೊಸ ಮೂಳೆ ಹುಟ್ಟಿತ್ತು. ಅದಕ್ಕೆ ಕಾರಣವಾದ ಬಿಎಂಪಿ (ಬೋನ್ ಮಾರ್ಫೊಜೆನೆಟಿಕ್ ಪ್ರೋಟೀನ್) ಎಂಬ ಪ್ರೋಟೀನುಗಳು ಮುಂದೆ ಔಷಧಿಯಾಗಿ ಬಂದವು. ಕೀಲಿನ ಕಸಿಗೂ ಅವನ್ನು ಬೆರೆಸಿ ನೋಡಿದರು, ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಬಿಎಂಪಿ ಕಟ್ಟುವ ಕೋಶಗಳನ್ನು ಕರೆದಂತೆ ಕರಗಿಸುವ ಕೋಶಗಳನ್ನೂ ಎಬ್ಬಿಸುತ್ತದೆ. ಹೊಸ ಮೂಳೆ ಬಲಿಯುವ ಮೊದಲೇ ಹಳೆಯ ಚೂರು ಕರಗುವ ಅಪಾಯ ಹೆಚ್ಚುತ್ತದೆ.

ಸ್ವೀಡನ್ನಿನ ಪೆರ್ ಆಸ್ಪೆನ್‌ಬರ್ಗ್ ಇದಕ್ಕೆ ತದ್ವಿರುದ್ಧವಾಗಿ ಯೋಚಿಸಿದರು: ಕರಗುವುದಕ್ಕೇ ಲಗಾಮು ಹಾಕಬೇಕು. ಮೂಳೆ ಸವಕಳಿಗೆ ಕೊಡುವ ಬಿಸ್‌ಫಾಸ್ಫೊನೇಟ್ ಔಷಧಿ ಮೂಳೆಯ ಖನಿಜಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ತಿಂದ ಆಸ್ಟಿಯೋಕ್ಲಾಸ್ಟ್ ಕೆಲಸ ನಿಲ್ಲಿಸುತ್ತದೆ. ಚೂರುಗಳನ್ನು ಆ ದ್ರಾವಣದಲ್ಲಿ ಅದ್ದಿ, ಹೆಚ್ಚಾದದ್ದನ್ನು ತೊಳೆದು ಬಳಸಿದ ಒಂದು ಸಣ್ಣ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ಔಷಧಿ ಸೋಕಿದ ಕಸಿ ಕರಗದೆ ಉಳಿದಿತ್ತು. ಆದರೆ ಡೆನ್ಮಾರ್ಕಿನಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇದೇ ಗುಂಪಿನ ಪಮಿಡ್ರೊನೇಟ್ ಹಾಕಿದಾಗ ಹೊಸ ಮೂಳೆ ಹುಟ್ಟುವುದೇ ಬಹುತೇಕ ನಿಂತುಹೋಯಿತು. ಲಗಾಮು ಬಿಗಿಯಾದರೆ ಕಟ್ಟುವವರೂ ಕೈಚೆಲ್ಲುತ್ತಾರೆ. ಹಾಗಾಗಿ ಪ್ರಶ್ನೆ ಯಾವ ಔಷಧಿ ಎನ್ನುವುದಕ್ಕಿಂತ ಎಷ್ಟು, ಎಷ್ಟು ಹೊತ್ತು ನೆನೆಸಿ, ಎಷ್ಟು ತೊಳೆದು ಎನ್ನುವುದಕ್ಕೆ ಬಂದು ನಿಂತಿದೆ.

ಚೂರಿನ ಜೊತೆ ಕ್ಯಾಲ್ಸಿಯಂ ಫಾಸ್ಫೇಟ್ ಸೆರಾಮಿಕ್ ಬೆರೆಸುವ ಪದ್ಧತಿಯೂ ಇದೆ. ಮೂಳೆ ಬ್ಯಾಂಕಿನ ಕೊರತೆ ಇರುವಲ್ಲಿ ಅದು ಅನುಕೂಲ. ಇನ್ನೊಂದೆಡೆ, ಸಿಮೆಂಟಿಲ್ಲದ ಉದ್ದ ಟೈಟೇನಿಯಂ ಕಾಂಡಗಳು ಬಂದ ಮೇಲೆ ಬಡಿದು ಕಟ್ಟುವ ಈ ನಿಧಾನದ ಕೆಲಸವನ್ನು ಅನೇಕರು ಬಿಟ್ಟಿದ್ದಾರೆ. ಎಂಬತ್ತರ ಅಜ್ಜಿಗೆ ಉದ್ದ ಕಾಂಡವೇ ಸರಿಯಿರಬಹುದು, ಬೇಗ ಮುಗಿಯುತ್ತದೆ. ನಲವತ್ತೈದಕ್ಕೇ ರಿವಿಷನ್ನಿಗೆ ಬಂದವರ ಮುಂದೆ ಇನ್ನೊಂದು ಆಪರೇಷನ್ ಕಾದಿರುವ ಸಂಭವ ಹೆಚ್ಚು. ಅವರ ವಿಷಯದಲ್ಲಿ ನಾನು ಚೂರು ತೊಳೆದು ಬಡಿಯುವವರ ಪಕ್ಷ.